ಕೀಲಿ ನಿಲ್ಲದ ಕೈ

ಅದು 2001ನೇ ಇಸವಿ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಹುಬ್ಬಳ್ಳಿಯ ಆಸ್ಪತ್ರೆಯ ಚೀಟಿ ಇವತ್ತಿಗೂ ನಮ್ಮ ಟ್ರಂಕಿನಲ್ಲಿದೆ. ಉಳಿದದ್ದೆಲ್ಲ ನನ್ನ ನೆನಪು. ನನ್ನ ನೆನಪು ನನ್ನ ಕಡೆಗೇ ವಾಲುತ್ತದೆ ಎಂದು ಆ ವರ್ಷ ಗೊತ್ತಾಯಿತು. ಹಾಗಾಗಿ ಅನುಮಾನ ಇರುವಲ್ಲಿ ಅನುಮಾನ ಇದೆ ಎಂದೇ ಬರೆಯುತ್ತೇನೆ.

ನಮ್ಮದು ಹುಬ್ಬಳ್ಳಿ ಹತ್ತಿರದ ಉಣಕಲ್. ಅಪ್ಪನದು ಮನೆಗೆ ಅಂಟಿಕೊಂಡ ಹಿಟ್ಟಿನ ಗಿರಣಿ. ಇಡೀ ದಿನ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಅಪ್ಪನಿಗೆ ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಒಂದು ತಂಬಿಗೆ ನೀರು ಕೇಳಿದರೂ ಜಗಳ ತೆಗೆದಂತೆ ಇರುತ್ತಿತ್ತು. ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ನೀಲಾ ನನಗಿಂತ ಮೂರು ವರ್ಷ ದೊಡ್ಡವಳು. ನಾನು ಗಿರಿಜಾ. ಆಕೆಗೆ ನಗು ಜಾಸ್ತಿ, ನನಗೆ ನಗಿಸುವ ಚಟ. ಗಿರಣಿಗೆ ಬರುವವರನ್ನು ಅಣಕಿಸಿ ತೋರಿಸುತ್ತಿದ್ದೆ. ಅದರಲ್ಲೂ ಮಲ್ಲವ್ವಜ್ಜಿಯನ್ನು. ಅಪ್ಪ ಜೋಳ ಬದಲಿಸಿಬಿಡುತ್ತಾನೆ ಎಂದು ಆ ಅಜ್ಜಿಗೆ ಖಾಯಂ ಸಂಶಯ. ಸೊಂಟದ ಮೇಲೆ ಕೈಯಿಟ್ಟು ನಿಂತು, ಬಿದ್ದ ಹಿಟ್ಟನ್ನು ಚಿಟಿಕೆ ತೆಗೆದು ಮೂಸಿ, "ನನ್ನ ಜ್ವಾಳ ನನಗ ಕೊಡಪಾ, ಬ್ಯಾರೇದವರದು ಬ್ಯಾಡ" ಎನ್ನುತ್ತಿದ್ದಳು. ನಾನು ಹಾಗೆ ನಿಂತರೆ ಸಾಕು, ಅಕ್ಕ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು.

ಅಕ್ಕ ಮೊದಲ ಸಲ ಬಿದ್ದದ್ದು ಹಾಗೆ ನಗುತ್ತಿದ್ದಾಗಲೇ. ಆಗ ಆಕೆಗೆ ಹತ್ತೊಂಬತ್ತು. ಗದ್ದ ಇಳಿಬಿತ್ತು, ತಲೆ ವಾಲಿತು, ಹಗ್ಗದ ಮೇಲಿನ ಒದ್ದೆ ಸೀರೆ ಜಾರಿದ ಹಾಗೆ ನೆಲಕ್ಕೆ ಇಳಿದಳು. ಓಣಿಯವರು ಓಡಿ ಬಂದು ಇದು ಫಿಟ್ಸ್ ಎಂದರು. ಯಾರೋ ಗಿರಣಿಯ ಕೀಲಿಗೊಂಚಲು ತಂದು ಆಕೆಯ ಕೈಗೆ ಕೊಟ್ಟರು. ಫಿಟ್ಸ್ ಬಂದವರ ಕೈಯಲ್ಲಿ ಕಬ್ಬಿಣ ಇಟ್ಟರೆ ಬಿಡುತ್ತದೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಎರಡು ನಿಮಿಷಕ್ಕೆ ಅಕ್ಕ ಎದ್ದು ಕೂತಳು. ಕೀಲಿಯ ಮೇಲೆ ಎಲ್ಲರಿಗೂ ನಂಬಿಕೆ ಬಂತು. ಆಮೇಲೆ ಆ ಗೊಂಚಲಿಗೆಂದೇ ಪಡಸಾಲೆಯಲ್ಲಿ ಒಂದು ಮೊಳೆ ಹೊಡೆದರು.

ವಾರಕ್ಕೆ ಎರಡೋ ಮೂರೋ ಸಲ ಬೀಳತೊಡಗಿದಳು. ಜೊತೆಗೆ ನಿದ್ದೆ. ಜೋಳ ಹಸನು ಮಾಡುತ್ತಿದ್ದವಳು ಮೊರ ತೊಡೆಯ ಮೇಲಿದ್ದಂತೆಯೇ ನಿದ್ದೆ ಹೋಗುತ್ತಿದ್ದಳು. ಅದನ್ನು ಅವ್ವ ಮೈಗಳ್ಳತನ ಎಂದು ಬೈಯುತ್ತಿದ್ದಳೇ ಹೊರತು ರೋಗದ ಲೆಕ್ಕಕ್ಕೆ ಹಿಡಿಯಲಿಲ್ಲ. ಡಾಕ್ಟರುಗಳಿಗೆ ತೋರಿಸಿದೆವು. ಬಾಯಲ್ಲಿ ನೊರೆ ಬರುತ್ತದೆಯೇ, ನಾಲಿಗೆ ಕಚ್ಚಿಕೊಳ್ಳುತ್ತಾಳೆಯೇ ಎಂದು ಅವರು ಕೇಳುತ್ತಿದ್ದರು. ಅವ್ವ ಎಲ್ಲಕ್ಕೂ "ಹೌದ್ರಿ" ಎನ್ನುತ್ತಿದ್ದಳು. ಕಲಿತವರು ಕೇಳಿದ್ದಕ್ಕೆ ಇಲ್ಲ ಎನ್ನುವುದು ಅವ್ವನ ಪ್ರಕಾರ ಮರ್ಯಾದೆ ಅಲ್ಲ. ಆರು ವರ್ಷ ಅಕ್ಕ ಫಿಟ್ಸಿನ ಗುಳಿಗೆ ನುಂಗಿದಳು. ಬೀಳುವುದು ನಿಲ್ಲಲಿಲ್ಲ. ಆ ಗುಳಿಗೆಯಿಂದ ಒಸಡು ಮಾತ್ರ ಹಲ್ಲಿನ ಮೇಲೆಲ್ಲ ಬೆಳೆಯಿತು. ಹೆಣ್ಣುಹುಡುಗಿ ಬಾಯಿಬಿಟ್ಟು ನಕ್ಕರೆ ದೃಷ್ಟಿ ತಾಗುತ್ತದೆ ಎಂದು ಅವ್ವ ನನ್ನ ಅಣಕು ಬಂದ್ ಮಾಡಿಸಿದಳು. ನಮ್ಮ ಮನೆಯಲ್ಲಿ ನಗುವವರೇ ಇಲ್ಲವಾದರು.

2000ದಲ್ಲಿ ಧಾರವಾಡದವರು ನನ್ನನ್ನು ನೋಡಲು ಬಂದರು. ಅಕ್ಕ ಇರುವಾಗ ತಂಗಿಯನ್ನು ತೋರಿಸುವುದು ಅವ್ವನಿಗೆ ಸಂಕಟವೇ. ಆದರೆ ಫಿಟ್ಸಿನ ಸುದ್ದಿ ಕೇಳಿ ಅಕ್ಕನಿಗೆ ಯಾರೂ ಬರುತ್ತಿರಲಿಲ್ಲ. ನನಗೆ ಸೀರೆ ಉಡಿಸಿದವಳು, ಮುಡಿಗೆ ಹೂವು ಇಟ್ಟವಳು ಅಕ್ಕನೇ. ಆಮೇಲೆ ಅವ್ವ ಹೇಳಿದಂತೆ ಒಳಗಿನ ಕೋಣೆಗೆ ಹೋಗಿ ಪರದೆ ಎಳೆದುಕೊಂಡಳು. ಹುಡುಗನ ಕಾಕಾ ಚುರುಮುರಿ ತಿನ್ನುತ್ತ ಸಂಸಾರದ ಬಗ್ಗೆ ಉಪದೇಶ ಶುರುಮಾಡಿದರು. ಒಂದು ಚುರುಮುರಿ ಅವರ ಮೀಸೆಗೆ ಅಂಟಿ, ಒಂದೊಂದು ಮಾತಿಗೂ ತಲೆ ಅಲ್ಲಾಡಿಸುತ್ತಿತ್ತು. ನಾನು ತುಟಿ ಕಚ್ಚಿ ನೆಲ ನೋಡಿದೆ. ಪರದೆಯ ಸಂದಿಯಿಂದ ಅಕ್ಕನೂ ನೋಡುತ್ತಿದ್ದಾಳೆ ಎಂದು ಗೊತ್ತಾದದ್ದು ಆಕೆ ಪರದೆಯ ಸಮೇತ ಪಡಸಾಲೆಗೆ ಬಿದ್ದಾಗ.

ಬಂದವರು ಚಹಾ ಅರ್ಧಕ್ಕೆ ಬಿಟ್ಟು, ಹೇಳಿ ಕಳಿಸುತ್ತೇವೆ ಎಂದು ಎದ್ದರು. ನಾನು ಅಕ್ಕನ ಪಕ್ಕ ಕೂತು, ಮೊಳಕಾಲ ತನಕ ಸರಿದಿದ್ದ ಆಕೆಯ ಸೀರೆ ಎಳೆದು ಸರಿಮಾಡಿ, ಕೀಲಿಗೊಂಚಲನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿ ಹಿಡಿದೆ. ಆಗ ಏನೋ ಅಂದೆ. "ಇವತ್ತರ ಬ್ಯಾಡಾಗಿತ್ತಕ್ಕಾ" ಎಂದೆ ಅಂತ ನನ್ನ ನೆನಪು. ಬಹಳ ದಿನ ಹಾಗೆಂದೇ ನಂಬಿದ್ದೆ.

ಮರುವರ್ಷ ಅಕ್ಕ ರೊಟ್ಟಿ ಬಡಿಯುತ್ತ, ತನ್ನಷ್ಟಕ್ಕೆ ಏನೋ ನೆನೆದು ನಕ್ಕು, ಒಲೆಯ ಪಕ್ಕ ಬಿದ್ದು ಮುಂಗೈ ಸುಟ್ಟುಕೊಂಡಳು. ಸ್ವಲ್ಪ ಆಚೆಗೆ ಬಿದ್ದಿದ್ದರೆ ಮುಖವೇ ಹೋಗುತ್ತಿತ್ತು. ಹಳೆಯ ಡಾಕ್ಟರು ಗುಳಿಗೆ ಇನ್ನೊಂದು ಹೆಚ್ಚಿಗೆ ಮಾಡಿದರು. ಅದೇ ವಾರ ಗಿರಣಿಗೆ ಬಂದವರು ಯಾರೋ, ಹುಬ್ಬಳ್ಳಿಯ ಆಸ್ಪತ್ರೆಗೆ ನರದ ಡಾಕ್ಟರೊಬ್ಬರು ಹೊಸದಾಗಿ ಬಂದಿದ್ದಾರೆ ಎಂದರು. ಅವ್ವ, ಅಕ್ಕ, ನಾನು ಸಿಟಿ ಬಸ್ ಹತ್ತಿದೆವು. ಕೀಲಿಗೊಂಚಲು ಅವ್ವನ ಚೀಲದಲ್ಲಿತ್ತು. ಅವತ್ತು ಅಪ್ಪ ಗಿರಣಿಗೆ ಬೇರೆ ಬೀಗ ಹುಡುಕಿಕೊಳ್ಳಬೇಕಾಯಿತು.

ಡಾಕ್ಟರಿಗೆ ನಲವತ್ತು ಇದ್ದೀತು. ಮಾತು ಕೇಳಿದರೆ ನಮ್ಮ ಕಡೆಯವರೇ. ಅವರೂ ನೊರೆ, ನಾಲಿಗೆ ಎಂದೇ ಶುರುಮಾಡಿದರು. ಅವ್ವನ ಮೂರನೆಯ "ಹೌದ್ರಿ"ಗೆ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು.

"ಯವ್ವಾ, ಬಿದ್ದಾಗ ಕೈಯಾಗ ಕಬ್ಬಣ ಕೊಡ್ತೀರೇನ?"

ಅವ್ವ ಅವತ್ತು ಮೊದಲ ಸಲ "ಇಲ್ರಿ" ಎಂದಳು. ಬೈಯುತ್ತಾರೆ ಎಂಬ ಹೆದರಿಕೆ. ನಾನು, ಕೊಡುತ್ತೇವೆ, ಗಿರಣಿಯ ಕೀಲಿ ಎಂದೆ. ಅವ್ವ ನನ್ನ ತೊಡೆ ಚಿವುಟಿದಳು.

ಡಾಕ್ಟರು ಬೈಯಲಿಲ್ಲ. "ಕೊಟ್ಟರ ಗಟ್ಟಿ ಹಿಡಕೋತಾಳೋ, ಕೆಳಗ ಬೀಳಸತಾಳೋ?"

"ಬೀಳಸತಾಳ್ರಿ. ನಾವ ಬೆರಳ ಮಡಚಿ ಹಿಡದಿರತೇವಿ."

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಫಿಟ್ಸ್ ಬಂದವರ ಮುಷ್ಟಿ ಬಿಗಿಯುತ್ತದೆ, ಕೊಟ್ಟ ಕೀಲಿಯನ್ನು ಬಿಡಿಸಲು ಇಬ್ಬರು ಬೇಕು, ಈಕೆಯ ಕೈಯಲ್ಲಿ ಅದು ನಿಲ್ಲುವುದೇ ಇಲ್ಲ ಎಂದರೆ ಇದು ಬೇರೆ ಏನೋ ಎಂದರು. ಆಮೇಲೆ, ಬೀಳುವುದಕ್ಕಿಂತ ಮೊದಲು ಏನು ನಡೆದಿರುತ್ತದೆ ಎಂದು ಕೇಳಿದರು. ಅವ್ವ ಅಮಾವಾಸ್ಯೆ ಎಂದಳು.

"ನಕ್ಕಿರತಾಳ್ರಿ. ಮೊದಲೆಲ್ಲ ನಾನ ನಗಸತಿದ್ದೆ" ಎಂದೆ. ಕದ್ದದ್ದನ್ನು ಒಪ್ಪಿಕೊಂಡ ಹಾಗಾಯಿತು. ಆರು ವರ್ಷದಲ್ಲಿ ಒಂದು ದವಾಖಾನೆಯಲ್ಲೂ ಹೇಳಿರಲಿಲ್ಲ. ಹೇಳಿದರೆ ರೋಗ ನನ್ನಿಂದಲೇ ಎಂದಾಗುತ್ತದೆ ಎಂಬ ಭಯ.

"ಹಂಗಾರ ಈಗ ನಗಸು" ಎಂದರು ಡಾಕ್ಟರು.

ಅಕ್ಕನನ್ನು ಮಂಚದ ಅಂಚಿಗೆ ಕೂರಿಸಿದರು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮಿತು. ಪಕ್ಕಕ್ಕೆ ಒಬ್ಬ ನರ್ಸಮ್ಮ ನಿಂತರು. ಎಲ್ಲರೂ ನನ್ನನ್ನೇ ನೋಡಿದರು. ನನಗೆ ಏನೂ ಬರಲಿಲ್ಲ. ಎಷ್ಟೋ ವರ್ಷದಿಂದ ಮಾಡದ ಅಣಕು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಬೇಡ ಎನ್ನುವ ಹಾಗೆ ತಲೆ ಆಡಿಸಿದಳು. ಊದಿದ ಒಸಡು ಯಾರಿಗೂ ಕಾಣದಿರಲಿ ಎಂದು ಆಕೆ ಹಾಗೆ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಿ ನನಗೆ ಏನಾಯಿತೋ, ಸೊಂಟದ ಮೇಲೆ ಕೈಯಿಟ್ಟೆ. ಮಲ್ಲವ್ವಜ್ಜಿಯ ದನಿ ತಾನಾಗಿ ಬಂತು.

"ಏ ಡಾಕ್ಟರ, ನಮ್ಮ ಹುಡಿಗಿ ನಮಗ ಕೊಡಪಾ. ಬ್ಯಾರೇದವರದು ಕೊಟ್ಟ ಕಳಸಬ್ಯಾಡ."

ಮೊದಲು ನಕ್ಕದ್ದು ನರ್ಸಮ್ಮ. ಆಮೇಲೆ ಅಕ್ಕ. ಸೆರಗು ಕೈಯಿಂದ ಜಾರಿತು, ಗದ್ದ ಇಳಿಯಿತು, ನರ್ಸಮ್ಮನ ತೋಳಿಗೆ ವಾಲಿದಳು. ಡಾಕ್ಟರು ಮತ್ತೆ ಮೊಣಕಾಲಿಗೆ ತಟ್ಟಿದರು. ಈ ಸಲ ಕಾಲು ಅಲುಗಲಿಲ್ಲ. ಅವ್ವ ಚೀಲದೊಳಗೆ ಕೈ ಹಾಕಿ ಕೀಲಿ ಹುಡುಕತೊಡಗಿದಳು. ಡಾಕ್ಟರು ಬೇಡ ಎಂದು ಸನ್ನೆ ಮಾಡಿ, ಅಕ್ಕನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು.

"ನೀಲಾ, ಮೂರು ಹೆಸರ ಹೇಳತೇನಿ, ನೆನಪ ಇಟಗೋ. ಬದನಿಕಾಯಿ. ಸೈಕಲ್ಲು. ಉಣಕಲ್ ಕೆರಿ."

ಒಂದೋ ಎರಡೋ ನಿಮಿಷ ಕಳೆದಿರಬೇಕು. ಅಕ್ಕ ತಲೆ ಎತ್ತಿದಳು, ಸೆರಗು ಸರಿಮಾಡಿಕೊಂಡಳು, ಸಾಲೆಯ ಹುಡುಗಿ ಪಾಠ ಒಪ್ಪಿಸಿದಂತೆ ಹೇಳಿದಳು: "ಬದನಿಕಾಯಿ, ಸೈಕಲ್ಲು, ಉಣಕಲ್ ಕೆರಿ."

ಡಾಕ್ಟರು ಚೀಟಿಯ ಮೇಲೆ ಒಂದು ಹೆಸರು ಬರೆದರು. ನಾರ್ಕೊಲೆಪ್ಸಿ. ಬಹಳ ಅಪರೂಪ, ತಾವು ಇದಕ್ಕೂ ಮೊದಲು ಒಬ್ಬರನ್ನೋ ಇಬ್ಬರನ್ನೋ ನೋಡಿದ್ದು ಎಂದರು. ಎಚ್ಚರ ಇರುವಾಗಲೇ ಮೈಯೊಳಗೆ ನಿದ್ದೆಯ ಒಂದು ತುಂಡು ನುಗ್ಗಿಬಿಡುತ್ತದೆ, ಜೋರಾಗಿ ನಕ್ಕಾಗ ಮೈಯ ಬಲವೆಲ್ಲ ಹೊರಟುಹೋಗುತ್ತದೆ, ಹಗಲು ಬರುವ ನಿದ್ದೆಯೂ ಅದೇ ರೋಗ, ಮೈಗಳ್ಳತನ ಅಲ್ಲ ಎಂದು ವಿವರಿಸಿದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗಳಿಗೆ ಫಿಟ್ಸ್ ಇಲ್ಲ ಎಂಬ ಸಂತೋಷಕ್ಕೋ, ನಿದ್ದೆಗೆ ಬೈದದ್ದು ನೆನಪಾಗಿಯೋ, ಗೊತ್ತಿಲ್ಲ. ನಾನು ಮಾತ್ರ ಡಾಕ್ಟರ ಕೊನೆಯ ಮಾತಿನಲ್ಲಿ ಸಿಕ್ಕಿಬಿದ್ದಿದ್ದೆ.

"ಈಕಿದು ಮೈ ಅಷ್ಟ ಮಲಗತೈತಿ. ಎಚ್ಚರ ಇರತೈತಿ. ಎಲ್ಲಾ ಕೇಳಸತೈತಿ."

ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವರು ಅಕ್ಕನನ್ನು ಕೇಳಿದರು. ಮೊದಲನೆಯ ವರ್ಷ ಹೇಳಿದ್ದಳಂತೆ. ಬಿದ್ದಾಗ ಓಣಿಯವರು ಆಡಿದ ಮಾತನ್ನೆಲ್ಲ ಎದ್ದ ಮೇಲೆ ಹೇಳಿದ್ದಕ್ಕೆ, ಮೈಮೇಲೆ ದೆವ್ವ ಬಂದಿದೆ ಎಂದು ತಾಯಿತ ಕಟ್ಟಿದರಂತೆ. ನನಗೂ ತಾಯಿತ ನೆನಪಿದೆ, ಕಾರಣ ನೆನಪಿರಲಿಲ್ಲ. "ಆಮ್ಯಾಲ ಸುಮ್ಮನಾದ್ನಿರಿ" ಎಂದಳು ಅಕ್ಕ. "ಕೇಳಸತಿತ್ತು ಅಂದ್ರ ಮಾತಾಡಿದವರು ಮಾರಿ ಎಲ್ಲೆ ಇಟಗೋಬೇಕ್ರಿ."

ಹಳೆಯ ಗುಳಿಗೆಯನ್ನು ಒಮ್ಮೆಲೇ ಬಿಡದೆ ಹಂತ ಹಂತವಾಗಿ ಕಡಿಮೆ ಮಾಡಲು ಹೇಳಿ, ಬೇರೆ ಸಣ್ಣದೊಂದು ಗುಳಿಗೆ ಬರೆದರು. ಪೂರ್ತಿ ವಾಸಿಯಾಗುವ ರೋಗ ಇದಲ್ಲ, ಹತೋಟಿಯಲ್ಲಿ ಇಡಬಹುದು ಎಂದರು. ಮಧ್ಯಾಹ್ನ ಇಪ್ಪತ್ತು ನಿಮಿಷ ತಪ್ಪದೆ ಮಲಗಬೇಕು. ಒಲೆ, ಬಾವಿಕಟ್ಟೆ, ಗಿರಣಿಯ ಬೆಲ್ಟಿನ ಹತ್ತಿರ ಒಬ್ಬಳೇ ಹೋಗಬಾರದು. ನಾವು ಎದ್ದು ನಿಂತಾಗ ಡಾಕ್ಟರು ನನಗೆ, "ಮನ್ಯಾಗ ನಗೂದು ಬಂದ್ ಮಾಡಬ್ಯಾಡ್ರಿ. ಬಿದ್ದರ ಹಿಡೀರಿ" ಎಂದರು. ಬೇರೆ ಊರಿನಲ್ಲಿ ನಿದ್ದೆಯ ಪರೀಕ್ಷೆ ಆದದ್ದು ಅದರ ಮುಂದಿನ ವರ್ಷ. ಅದೂ ಇವರ ಮಾತನ್ನೇ ಹೇಳಿತು.

ಉಣಕಲ್ಲಿನಲ್ಲಿ ಇಳಿದ ಮೇಲೆ ಅವ್ವ ಅಪ್ಪನಿಗೆ ಹೇಳಲು ಗಿರಣಿಯ ಕಡೆ ಲಗುಲಗು ಹೋದಳು. ನಾವಿಬ್ಬರೂ ಕೆರೆಯ ದಂಡೆಯ ಮೇಲೆ ಕೂತೆವು. ಮೂರು ಗಂಟೆಯ ಬಿಸಿಲು. ನಾನು ನೀರು ನೋಡುತ್ತಲೇ, ಧಾರವಾಡದವರು ಬಂದ ದಿನ ನಾನು ಅಂದದ್ದೂ ಕೇಳಿಸಿತ್ತೇನು ಎಂದೆ. ಅಕ್ಕ ಹೂಂ ಎಂದಳು.

"ಇವತ್ತರ ಬ್ಯಾಡಾಗಿತ್ತು ಅಂದೆ, ಅಲ್ಲ?"

ಅಕ್ಕ ಸಿಟ್ಟಿಲ್ಲದೆ, ತಪ್ಪಾಗಿ ಹೇಳಿದ ಮಗ್ಗಿ ತಿದ್ದುವಂತೆ ಹೇಳಿದಳು: "ಈಕಿ ಸತ್ತರ ನನ್ನ ಹಣೇಬರಾ ತೆರೀತಿತ್ತು ಅಂದಿ."

ಆ ಮಾತು ನನ್ನ ಬಾಯಿಂದ ಬಂದದ್ದು ನನಗೆ ನೆನಪಿಲ್ಲ. ಇವತ್ತಿಗೂ ಇಲ್ಲ. ಆದರೆ ಆಕೆ ಹೇಳಿದ ಕೂಡಲೇ ಅದು ನನ್ನದೇ ಎಂದು ಗೊತ್ತಾಯಿತು. ನನ್ನ ಚಪ್ಪಲಿ ಕತ್ತಲೆಯಲ್ಲೂ ನನ್ನ ಕಾಲಿಗೆ ಗೊತ್ತಾಗುವಂತೆ. ನಾನು ಅಳತೊಡಗಿದೆ. ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ನನ್ನ ಸೀರಿ ಸರಿ ಮಾಡಿದಾಕಿನೂ ನೀನ ಅಲ್ಲೇನ. ಅದೂ ಗೊತ್ತಾಗಿತ್ತು ನನಗ."

ಆಮೇಲೆ ಅಪ್ಪನ ವಿಷಯ ಹೇಳಿದಳು. ಪ್ರತಿ ಸಲ ಬಿದ್ದಾಗಲೂ ಅಪ್ಪ ಗಿರಣಿಯಿಂದ ಓಡಿ ಬಂದು, ಎಲ್ಲರನ್ನೂ ಕೂಗಾಡಿ ದೂರ ಸರಿಸಿ, ಕೊನೆಗೆ ಆಕೆಯ ಕಿವಿಯ ಹತ್ತಿರ ಬಗ್ಗುತ್ತಿದ್ದ. ಅದನ್ನು ನಾವೆಲ್ಲ ನೋಡಿದ್ದೆವು, ಉಸಿರು ನೋಡುತ್ತಾನೆ ಎಂದುಕೊಂಡಿದ್ದೆವು. ಅಪ್ಪ ಮೆಲ್ಲಗೆ, "ನೀಲಾ, ನಾ ಇದ್ದೇನವಾ" ಎನ್ನುತ್ತಿದ್ದನಂತೆ. ಅಷ್ಟೇ. "ಅಪ್ಪಗ ಮೆತ್ತಗ ಮಾತಾಡಾಕ ಬರತೈತಿ" ಎಂದಳು ಅಕ್ಕ. "ಅದನ್ನ ಕೇಳಾಕರ ಬೀಳಬೇಕ ಅನಸತಿತ್ತು ಒಮ್ಮೊಮ್ಮೆ."

ನಾವು ಗಿರಣಿಯ ಹತ್ತಿರ ಬಂದಾಗ ಮೋಟರು ನಿಂತಿತ್ತು. ಜೋಳ ಹಾಕಿದವರ ಡಬ್ಬಿಗಳು ಸಾಲಾಗಿದ್ದವು, ಜನ ನಿಂತೇ ಇದ್ದರು. ಮೈತುಂಬ ಹಿಟ್ಟಾಗಿದ್ದ ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಲ್ಲವೂ ಕೇಳಿಸುತ್ತಿತ್ತು ಎಂದು ಅವ್ವ ಅದಾಗಲೇ ಹೇಳಿರಬೇಕು, ಅಪ್ಪ ಅಕ್ಕನ ಮುಖ ನೋಡಲಾರದೆ ನಾಚಿಕೊಂಡಿದ್ದ. ಕೊನೆಗೆ ಓಣಿಗೆಲ್ಲ ಕೇಳುವಂತೆ, ಊಟ ಆಯಿತೇನು ಎಂದು ಕೂಗಿದ. ಅಕ್ಕ ನಕ್ಕಳು. ನಾನು ಒಂದು ತೋಳು ಹಿಡಿದೆ, ಅಪ್ಪ ಇನ್ನೊಂದು.

ಈಗ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತು ಡಬ್ಬಿ ಇಸಿದುಕೊಳ್ಳುವವಳು ಅಕ್ಕನೇ. ಮಧ್ಯಾಹ್ನ ಇಪ್ಪತ್ತು ನಿಮಿಷ ಗಿರಣಿ ಬಂದ್, ಅದು ಉಣಕಲ್ಲಿಗೆಲ್ಲ ಗೊತ್ತು. ಬೀಳುವುದು ಬಹಳ ಕಡಿಮೆಯಾಗಿದೆ. ಬಿದ್ದರೆ ನಾನಾಗಲಿ, ಇದ್ದವರು ಯಾರಾಗಲಿ, ಪಕ್ಕದಲ್ಲಿ ಕೂತು ಏನಾದರೂ ಒಳ್ಳೆಯದನ್ನು ಮಾತಾಡುತ್ತೇವೆ. ಯಾರೇ ಮಲಗಿರಲಿ, ಕಾಯಿಲೆಯಿಂದ ಬಿದ್ದಿರಲಿ, ಅವರ ಮುಂದೆ ಬಾಯಿ ಬಿಡುವ ಮೊದಲು ಇವತ್ತಿಗೂ ಆ ಮಾತನ್ನು ಒಮ್ಮೆ ಮನಸ್ಸಿನಲ್ಲೇ ಆಡಿ ನೋಡುತ್ತೇನೆ.

ಇದನ್ನು ಬರೆದು ಮುಗಿಸಿ ಮೊನ್ನೆ ಅಕ್ಕನಿಗೆ ಓದಿ ಹೇಳಿದೆ. ಮೀಸೆಗೆ ಅಂಟಿದ್ದು ಚುರುಮುರಿ ಅಲ್ಲ, ಸೇವು ಎಂದಳು. ಕೆರೆಯ ದಂಡೆಯ ಮಾತು ಬಂದಾಗ ನನ್ನನ್ನು ತಡೆದು, "ನೀ ಹಂಗ ಅಂದೇ ಇಲ್ಲ ಬಿಡ" ಎಂದಳು.

ನಾನು ಕಾಗದ ಮಡಚಿಟ್ಟು, ಡಾಕ್ಟರು ಹೇಳಿದ ಮೂರು ಹೆಸರು ಯಾವುವು ಎಂದು ಕೇಳಿದೆ.

"ಬದನಿಕಾಯಿ, ಸೈಕಲ್ಲು, ಉಣಕಲ್ ಕೆರಿ" ಎಂದಳು, ಒಂದು ಕ್ಷಣವೂ ತಡೆಯದೆ.

"ಮತ್ತ ನಾ ಅಂದದ್ದು?"

ಅಕ್ಕ ಒಂದು ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಜೋಳ ನೋಡಿದಳು. "ಅದ ಮರತೇನಿ" ಎಂದಳು.