ಕಿವಿಗೆ ಹಾಕಬೇಕಿದ್ದ ಗುಳಿಗೆ

ಮಾಂಸಕ್ಕೆಂದೇ ದನ ಸಾಕಿ, ಅಲ್ಲೇ ಕಡಿದು ಮಾರುವ ಕಡೆ ನಮ್ಮಣ್ಣ ಕೆಲಸಕ್ಕಿದ್ದ. ದನದ ಕಿವಿಯ ಚರ್ಮದಡಿಗೆ ದಪ್ಪ ಸೂಜಿಯಿಂದ ಹಾರ್ಮೋನಿನ ಗುಳಿಗೆ ತೂರಿಸುವುದು ಅವನ ಕೆಲಸ. ಗುಳಿಗೆ ನಿಧಾನವಾಗಿ ಕರಗಿ ರಕ್ತಕ್ಕೆ ಸೇರುತ್ತದೆ, ದನ ಬೇಗ ಮೈ ತುಂಬಿಕೊಳ್ಳುತ್ತದೆ. ಬಹುಪಾಲನ್ನು ಪಿತ್ತಜನಕಾಂಗ ಒಡೆದು ಸಗಣಿ, ಗಂಜಲದಲ್ಲಿ ಹೊರಗೆ ಹಾಕುತ್ತದೆ. ಚೂರುಪಾರು ಕೊಬ್ಬಿನಲ್ಲಿ ಉಳಿಯುತ್ತದೆ. ಕರಗದೇ ಉಳಿದದ್ದು ಕಿವಿಯಲ್ಲೇ ಇರುತ್ತದೆ. ಕಡಿದಾಗ ಕಿವಿಯನ್ನು ಕೊಯ್ದು ಎಸೆಯುವುದು ಅದಕ್ಕೇ. ಇದನ್ನೆಲ್ಲ ಹೇಳಿ ಹೇಳಿ ನನ್ನ ತಲೆ ತಿಂದವನೂ ಅವನೇ, ಪುಣ್ಯಾತ್ಮ!

ಆ ವರ್ಷ ದನಗಳ ಕಿವಿಗೆ ಹುಣ್ಣು ಬಂತು. ಕೀವಾದ ಕಿವಿಯಲ್ಲಿ ಗುಳಿಗೆ ನಿಲ್ಲದು, ಜಾರಿ ಬೀಳುತ್ತದೆ.

"ಕಿವಿ ಬಿಟ್ಟು ಕುತ್ತಿಗೆಗೆ ಹಾಕಯ್ಯಾ, ಯಾರ್ ನೋಡ್ತಾರೆ?" ಎಂದು ಮೇಸ್ತ್ರಿ ಗದರಿದ.

ಅಣ್ಣ ಹಾಕಿದ. ಕತ್ತಿನ ಮಾಂಸ ಗಟ್ಟಿ, ಕೊಳ್ಳುವವರಿಲ್ಲ, ಅದು ಕೆಲಸಗಾರರ ಪಾಲು. ಗೊತ್ತಿರಲಿಲ್ಲವೇ ಅವನಿಗೆ? ಗೊತ್ತಿತ್ತು. ಕಡಿಯುವ ಹೊತ್ತಿಗೆ ಕರಗಿ ಹೋಗಿರುತ್ತೆ ಬಿಡು ಅಂದುಕೊಂಡನಂತೆ. ವಾರವಾರವೂ ಮನೆಗೆ ತಂದ. ಮೆತ್ತಗೆ ಬೆಂದ ಚೂರುಗಳನ್ನು ಆರಿಸಿ ಆರಿಸಿ ಮಗಳ ತಟ್ಟೆಗೇ ಹಾಕಿದ.

ಮಗಳಿಗಿನ್ನೂ ಹಾಲುಹಲ್ಲು. ಸ್ನಾನ ಮಾಡಿಸುವಾಗ ಅತ್ತಿಗೆ ಕಂಡಳು, ಮೈನೆರೆಯುವ ಹುಡುಗಿಯರಂತೆ ಮಗುವಿನ ಎದೆ ಊದಿತ್ತು. ಆಸ್ಪತ್ರೆಗೆ ನಾನೂ ಹೋಗಿದ್ದೆ.

"ಏನ್ ತಿನ್ನಿಸ್ತೀರಿ ಮಗೂಗೆ?" ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಅಣ್ಣನ ಮುಖ ಬಿಳಿಚಿಕೊಂಡಿತು. ಒಂದೂ ಬಿಡದೆ ಹೇಳಿದ.

"ಅದ್ರಿಂದ್ಲೇ ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಮೊದ್ಲು ಅದನ್ನ ನಿಲ್ಲಿಸಿ."

"ದನಕ್ಕಾದ್ರೆ ಗುಳಿಗೆ ಹಾಕಿ ಇಷ್ಟು ದಿನ ಬಿಟ್ಟು ಕಡೀರಿ, ಎಲ್ಲಾ ಹೋಗಿರುತ್ತೆ ಅಂತಾರಮ್ಮ. ಇವಳಿಗೆ ಎಷ್ಟು ದಿನ?"

"ಔಷಧಿ ಮೈಯಿಂದ ಹೋಗುತ್ತಪ್ಪಾ. ಆದ್ರೆ ಎಕ್ಸ್‌ರೇಲಿ ನೋಡಿದ್ರೆ ಮೂಳೆ ವಯಸ್ಸು ಮೀರಿ ಬೆಳೆದುಬಿಟ್ಟಿದೆ. ಈಗ ಬೇಗ ಎತ್ತರ ಆಗ್ತಾಳೆ, ಆಮೇಲೆ ಬೇಗನೇ ಬೆಳವಣಿಗೆ ನಿಂತುಬಿಡುತ್ತೆ. ಅದನ್ನ ಹಿಂದಕ್ಕೆ ತರಕ್ಕಾಗಲ್ಲ."

ಅಯ್ಯೋ, ಆಳೆತ್ತರದ ಗಂಡಸು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತ. ಹಿಡಿದು ಬಾರಿಸುವಷ್ಟು ಸಿಟ್ಟಿತ್ತು ನನಗೆ.

ಅವನು ಕೆಲಸ ಬಿಟ್ಟ. ಮನೆಯಲ್ಲಿ ಮಾಂಸ ಬೇಯುವುದು ನಿಂತಿತು. ಮಗು ಓರಗೆಯವರಿಗಿಂತ ಗೇಣುದ್ದ ಎತ್ತರವಾಗಿದೆ. ಪಕ್ಕದ ಮನೆಯವರು "ಎಂಥಾ ಬೆಳವಣಿಗೆ ರೀ!" ಎಂದಾಗಲೆಲ್ಲ ಅಣ್ಣ ಎದ್ದು ಒಳಗೆ ಹೋಗುತ್ತಾನೆ.

ಮೊನ್ನೆ ಶಾಲೆಗೆ ಹೊರಟ ಮಗು ಬ್ಯಾಗನ್ನು ಬೆನ್ನಿಗೆ ಹಾಕಿಕೊಳ್ಳಲಿಲ್ಲ, ಎದೆಗೆ ಅವುಚಿಕೊಂಡಳು. ಅಣ್ಣ ಎಂದಿನಂತೆ ಎತ್ತಿಕೊಳ್ಳಲು ಕೈ ಚಾಚಿದ. ಅವಳು ಹಿಂದೆ ಸರಿದು ಗೋಡೆಗೆ ಒತ್ತಿ ನಿಂತಳು.