ಕಾಕಾ ನನ್ನ ಕೈಗೆ ಕೊಟ್ಟ ಕುದುರೆ ಮರಿ

ಕುದುರೆ ಮರಿಗೆ ತಾಯಿಯ ಹಾಲು ಬಿಡಿಸುವಾಗ ದೊಡವಾಡದ ಚನಬಸಪ್ಪ ಕಾಕಾ ಹದಿನೈದು ದಿನ ಅಂಗಿ ಬದಲಿಸುತ್ತಿರಲಿಲ್ಲ. ತಾಯಿಯ ಕುತ್ತಿಗೆಗೆ ಎದೆಯೊತ್ತಿ, ಅದರ ಬೆವರನ್ನು ಅಂಗಿಗೆ ಅಂಟಿಸಿಕೊಂಡು, ಆಮೇಲೆ ಮರಿಯ ಬಳಿ ಹೋಗುತ್ತಿದ್ದರು. ಅದೇ ಅಂಗಿಯಲ್ಲಿ ಯರಗಟ್ಟಿ ಬಸ್ಸು ಹತ್ತಿದರೆ ಪಕ್ಕದವರು ಮೂಗು ಮುಚ್ಚಿಕೊಂಡು ಏಳುತ್ತಿದ್ದರು. ಕಾಕಾ ಆರಾಮಾಗಿ ಕಾಲು ಚಾಚುತ್ತಿದ್ದರು.

"ಅವ್ವನ ವಾಸನಿ ಸಾವಕಾಶ ಹೋಗಬೇಕ ತಂಗಿ. ಒಮ್ಮಿಗಲೆ ಹೋತಂದ್ರ ಮರಿ ಎದಿ ಒಡಕೋತೈತಿ," ಎನ್ನುತ್ತಿದ್ದರು.

ನಾನು ಆಗಷ್ಟೇ ಊರಿನ ಪಶು ದವಾಖಾನೆಗೆ ಡಾಕ್ಟರಾಗಿ ಬಂದಿದ್ದೆ. ಓದಿದ ಸೊಕ್ಕು ಬೇರೆ, ಒಳಗೊಳಗೇ ನಗುತ್ತಿದ್ದೆ. ಕಾಕಾ ತಾಯಿ ಮರಿಗಳ ನಡುವೆ ಬಿದಿರಿನ ಗಳ ಕಟ್ಟುತ್ತಿದ್ದರು. ಮೂತಿಗೆ ಮೂತಿ ತಾಗಬೇಕು, ಕೆಚ್ಚಲು ಸಿಗಬಾರದು. ಮರಿಯ ಪಕ್ಕ ಕುಳಿತು ಊರ ಸುದ್ದಿಯೆಲ್ಲ ಹೇಳುತ್ತಿದ್ದರು. "ನನ್ನ ಜೋಡಿ ಒಂದಿನಾನೂ ಇಷ್ಟ ಮಾತಾಡಿಲ್ಲ ನೋಡವಾ," ಎಂದು ಗೌರವ್ವ ಕಾಕಿ ದೂರುತ್ತಿದ್ದರು.

ಒಂದು ಸಲ ಮರಿ ಬಿಡಿಸಲು ಶುರು ಮಾಡಿದ ಮೂರೇ ದಿನಕ್ಕೆ ಕಾಕಾ ಹರ್ನಿಯಾ ಆಪರೇಷನ್ನಿಗೆ ಧಾರವಾಡಕ್ಕೆ ಹೋಗಬೇಕಾಯಿತು. "ಗಳಾ ಬಿಚ್ಚಬ್ಯಾಡ. ತಾಯಿ ಅದರ ಕಣ್ಣಿಗೆ ಕಾಣಕೋತ ಇರಲಿ. ನಾ ಬರೂತನಾ ನೀನ ನೋಡ ತಂಗಿ," ಎಂದರು.

ತಾಯಿ ಕಂಡಾಗಲೆಲ್ಲ ಮರಿ ಒದರುತ್ತಿತ್ತು. ಕಾಣದಿದ್ದರೆ ಬೇಗ ಮರೆತೀತೆಂದು ನಾನೇ ತೀರ್ಮಾನಿಸಿದೆ. ಕಾಕಿಯನ್ನು ಒಪ್ಪಿಸಿ ತಾಯಿಯನ್ನು ಟೆಂಪೋದಲ್ಲಿ ಮುನವಳ್ಳಿಯ ಅವರ ಬೀಗರ ಹೊಲಕ್ಕೆ ಕಳಿಸಿಬಿಟ್ಟೆ. ಮರಿ ಎರಡು ದಿನ ಮೇವು ಮುಟ್ಟಲಿಲ್ಲ. ಗೋಡೆಯುದ್ದಕ್ಕೂ ಓಡುವುದು, ತಿರುಗುವುದು, ಗೂಟ ಕಡಿಯುವುದು. ಮೂರನೆಯ ದಿನ ಸದ್ದಡಗಿತು. ಒಗ್ಗಿಕೊಂಡಿತೆಂದು ಹಿಗ್ಗಿ ಕಾಕಾಗೆ ಫೋನ್ ಮಾಡಿದೆ.

ಅವರು ನನ್ನ ಮಾತು ಮುಗಿಸಗೊಡಲಿಲ್ಲ. "ಸುಮ್ಮನಾಗೇತಿ? ತಾಯಿನ್ನ ಈಗಿಂದೀಗ ಕರಸ."

ಟೆಂಪೋ ಬರುವ ಮೊದಲೇ ಮರಿ ಗೋಡೆ ಜಿಗಿಯಲು ಹೋಗಿ ಮುಂಗಾಲು ಮುರಿದುಕೊಂಡಿತು. ಉಳಿಯುವಂತಿರಲಿಲ್ಲ. ಕೊನೆಯ ಇಂಜೆಕ್ಷನ್ ನನ್ನ ಕೈಯಾರೆ ಕೊಟ್ಟೆ. ತಾಯಿ ಓಣಿಯ ತುದಿಯಿಂದಲೇ ಕೆನೆಯುತ್ತ ಬಂತು, ಕೆಚ್ಚಲಿಂದ ಹಾಲು ಸೋರುತ್ತಿತ್ತು.

ಕಾಕಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಾಯಿಯನ್ನು ಮಾರಿದರು, ಮತ್ತೆ ಕುದುರೆ ಕಟ್ಟಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ದವಾಖಾನೆಯ ಮುಂದೆಯೇ. ಗೂಡ್ಸ್ ಆಟೋದಲ್ಲಿ ಎಮ್ಮೆ ನಿಲ್ಲಿಸಿಕೊಂಡು ಹೊರಟಿದ್ದರು.

"ನಮಸ್ಕಾರ್ರಿ ಡಾಕ್ಟರ್ರ. ಆರಾಮದೀರಿ?"

"ಎಮ್ಮಿಗೆ ಏನಾಗೇತಿ ಕಾಕಾ? ಒಳಗ ತಗೊಂಡ ಬರ್ರಿ."

"ಇರಲಿ ಬಿಡ್ರಿ, ಸ್ವಲ್ಪ ಜ್ವರಾ. ಬೈಲಹೊಂಗಲದ ದವಾಖಾನಿಗೆ ಹೊಂಟೇನ್ರಿ."

ಎರಡು ತಿಂಗಳಿಗೆ ಕಾಕಾ ತೀರಿಹೋದರು. ನಾನು ತಪ್ಪಾಯಿತೆಂದು ಹೇಳಲೇ ಇಲ್ಲ. ನನ್ನ ದವಾಖಾನೆ ಅವರ ಮನೆಯಿಂದ ಕೂಗಳತೆ ದೂರ. ಆ ಮನೆಯ ದನಕರು ಈಗಲೂ ಬೈಲಹೊಂಗಲಕ್ಕೇ ಹೋಗುತ್ತವೆ.