ಪದ್ದತ್ತೆಯ ಹೊಸ್ತಿಲು

ಬಚ್ಚಲಮನೆಯ ಗೋಡೆಗೆ ಡ್ರಿಲ್ ಹಾಕಿದಾಗ ಏಳುವ ಧೂಳಿಗೆ ಒಂದು ವಾಸನೆಯಿದೆ. ಬೆಳಿಗ್ಗೆಯಿಂದ ಅದು ಮನೆಯನ್ನೆಲ್ಲ ತುಂಬಿಕೊಂಡು ನನಗೆ ಮೇಲಿಂದ ಮೇಲೆ ಸೀನು ತರಿಸುತ್ತಿದೆ. ಜೆ.ಪಿ. ನಗರದಲ್ಲಿರುವ ಮಗಳು ಮೇಧಾ ನನ್ನ ಮಂಡಿಗಳ ಮೇಲೆ ನನಗಿಂತ ಮೊದಲೇ ನಂಬಿಕೆ ಕಳೆದುಕೊಂಡಿದ್ದಾಳೆ. ಕಮೋಡಿನ ಪಕ್ಕ ಹಿಡಿದುಕೊಳ್ಳಲು ಸ್ಟೀಲಿನ ಕಂಬಿ ಹಾಕಿಸುತ್ತಿದ್ದಾಳೆ. ಅದಕ್ಕಾಗಿ ನನ್ನನ್ನು ನಿಲ್ಲಿಸಿ, ಕೂರಿಸಿ, ಎಬ್ಬಿಸಿ ಟೇಪಿನಲ್ಲಿ ಅಳೆದದ್ದಾಯಿತು. ದರ್ಜಿಯ ಮುಂದೆ ಬಿಟ್ಟರೆ ಇಷ್ಟು ವಿಧೇಯನಾಗಿ ನಾನು ಇನ್ನೆಲ್ಲೂ ನಿಂತವನಲ್ಲ.

ಹತ್ತು ವರ್ಷದ ಹಿಂದೆ ಇದೇ ಜಯನಗರದ ಮನೆಯಲ್ಲಿ ಹೀಗೆಯೇ ಟೇಪು ಹಿಡಿದು ಓಡಾಡಿದವನು ನಾನು. ಆಗ ಅಳೆಸಿಕೊಂಡವರು ಪದ್ದತ್ತೆ, ನಮ್ಮ ತಂದೆಯ ತಂಗಿ. ಮದುವೆಯಾಗದೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾಗಿ, ಮೊದಲಿಂದಲೂ ನಮ್ಮ ಜೊತೆಗೇ ಇದ್ದವರು. ಸಂಜೆ ನಾಲ್ಕೂವರೆಯಾದರೆ ತಲೆ ಬಾಚಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ರಸ್ತೆ ದಾಟಿ ಎದುರು ಮನೆಯ ರುಕ್ಮಿಣಮ್ಮನವರಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಒಂದು ಲೋಟ ಕಾಫಿ, ಅರ್ಧ ಗಂಟೆ ಮಾತು. ಎರಡೂ ಮನೆಗೆ ಒಂದೇ ಅಂಗಡಿಯ ಕಾಫಿಪುಡಿ ಬರುತ್ತಿದ್ದರೂ ರುಕ್ಮಿಣಿಯ ಕಾಫಿಯ ರುಚಿಯೇ ಬೇರೆ ಎಂದು ವಾಪಸು ಬಂದು ಹೇಳುತ್ತಿದ್ದರು. ನನ್ನ ಹೆಂಡತಿ ಸುಧಾ ಕೇಳಿಸದವಳಂತೆ ಇರುತ್ತಿದ್ದಳು.

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಪದ್ದತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಕೈಗೆ ವಾಕರ್ ಬಂತು. ನಾನು ಆಗಷ್ಟೇ ಸಿವಿಲ್ ಇಂಜಿನಿಯರ್ ಕೆಲಸದಿಂದ ನಿವೃತ್ತನಾಗಿ, ಕಟ್ಟಲು ಏನೂ ಇಲ್ಲದೆ ಚಡಪಡಿಸುತ್ತಿದ್ದೆ. ಅತ್ತೆ ಬಿದ್ದದ್ದಕ್ಕೆ ಸಂಕಟವಾಗಿದ್ದು ನಿಜ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ಬಚ್ಚಲಿನ ನಕ್ಷೆ ಬರೆಯಲು ಶುರುಮಾಡಿದ್ದೂ ಅಷ್ಟೇ ನಿಜ, ನಿಮ್ಮಲ್ಲಿ ಮುಚ್ಚುಮರೆಯೇಕೆ.

ಅವರು ಮನೆಗೆ ಬರುವ ಹೊತ್ತಿಗೆ ಜಾರದ ಟೈಲ್ಸು ಬಂದಿತ್ತು. ಸ್ವಿಚ್ಚುಗಳು ಕೈಗೆಟುಕುವಷ್ಟು ಕೆಳಗಿಳಿದಿದ್ದವು, ಒಳಬಾಗಿಲುಗಳ ಹೊಸ್ತಿಲುಗಳನ್ನೆಲ್ಲ ಕಿತ್ತು ನೆಲ ಸಮ ಮಾಡಿಸಿದ್ದೆ. ಹೊರಗೆ ವರಾಂಡದಿಂದ ಗೇಟಿನವರೆಗೆ ಮೆಟ್ಟಿಲ ಜಾಗದಲ್ಲಿ ಇಳಿಜಾರು, ಅದರ ಎರಡೂ ಕಡೆ ಕಂಬಿ. ನೋಡಲು ಬಂದ ನೆಂಟರಿಗೆ ಪದ್ದತ್ತೆಯನ್ನು ತೋರಿಸುವ ಮೊದಲು ಬಚ್ಚಲು ತೋರಿಸುತ್ತಿದ್ದೆ ಎಂದು ಸುಧಾ ಈಗಲೂ ಆಡಿಕೊಳ್ಳುತ್ತಾಳೆ.

ಬಿಟ್ಟದ್ದು ಒಂದನ್ನೇ, ಮುಂಬಾಗಿಲಿನ ಹೊಸ್ತಿಲನ್ನು. ನಾಲ್ಕು ಅಂಗುಲ ಎತ್ತರದ ತೇಗದ ಮರ. ಪದ್ದತ್ತೆ ಶುಕ್ರವಾರ ತಪ್ಪದೆ ಅದಕ್ಕೆ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಹೂವಿಡುತ್ತಿದ್ದರು. ಚಿಕ್ಕವನಿದ್ದಾಗ ಅದರ ಮೇಲೆ ಕಾಲಿಟ್ಟು ನಾನು ಅವರಿಂದ ಏಟು ತಿಂದವನು. ಹಾಗಿರುವಾಗ ಅದನ್ನು ಕೀಳುವುದು ಹೇಗೆ? ಮೇಲೆ ಹಲಗೆ ಹಾಸಿದರೂ ತುಳಿದಂತೆಯೇ ಅಲ್ಲವೇ? ಅತ್ತೆಯ ಮನಸ್ಸು ನೋಯುತ್ತದೆಂದು ಸುಧಾಳೂ ನಾನೂ ಮಾತಾಡಿಕೊಂಡು ಅದರ ಗೋಜಿಗೆ ಹೋಗಲಿಲ್ಲ. ಅತ್ತೆಯನ್ನು ಮಾತ್ರ ಕೇಳಲಿಲ್ಲ.

ಡಾಕ್ಟರ ಬಳಿಗೆ ಹೋಗುವಾಗ ನಾವಿಬ್ಬರೂ ಅವರನ್ನು ಕುರ್ಚಿ ಸಮೇತ ಎತ್ತಿ ದಾಟಿಸುತ್ತಿದ್ದೆವು. ಉಳಿದ ದಿನ ಅವರು ಮನೆಯೊಳಗೆ ಸಲೀಸಾಗಿ ಓಡಾಡಿಕೊಂಡಿದ್ದರು. ನಾಲ್ಕೂವರೆಗೆ ಕಿಟಕಿಯ ಹತ್ತಿರ ಕೂತು ರುಕ್ಮಿಣಮ್ಮನವರಿಗೆ ಫೋನ್ ಮಾಡುತ್ತಿದ್ದರು. ರುಕ್ಮಿಣಮ್ಮನವರಿಗೋ ಮಂಡಿನೋವು, ರಸ್ತೆ ದಾಟುವ ಹಾಗಿರಲಿಲ್ಲ. ಎದುರುಬದುರು ಕಿಟಕಿಯಲ್ಲಿ ಇಬ್ಬರು ಮುದುಕಿಯರು ಫೋನಿನಲ್ಲಿ ಹರಟುವುದನ್ನು ನೋಡಿ ನಾನು ನಕ್ಕಿದ್ದೇನೆ, ವಾಕಿಂಗ್ ಗೆಳೆಯರಿಗೆ ವರ್ಣಿಸಿಯೂ ಇದ್ದೇನೆ. ನಾನು ಅಷ್ಟು ಹೆಮ್ಮೆಯಿಂದ ಮಾಡಿಸಿದ ಇಳಿಜಾರನ್ನು ಆರು ತಿಂಗಳು ಬಳಸಿದ್ದು ನನ್ನ ಸ್ಕೂಟರ್.

ಒಂದು ಸೋಮವಾರ ಆ ಫೋನು ಬೇಗ ಮುಗಿಯಿತು. ರುಕ್ಮಿಣಮ್ಮನವರು ಮನೆ ಖಾಲಿ ಮಾಡಿ ಚಿಕ್ಕಲಸಂದ್ರದ ಮಗಳ ಮನೆಗೆ ಹೋಗುತ್ತಾರಂತೆ, ಗುರುವಾರವೇ ಸಾಮಾನು ಸಾಗಿಸುತ್ತಾರಂತೆ. ಸುಧಾಳಿಗೆ ಇಷ್ಟು ಹೇಳಿ ಪದ್ದತ್ತೆ ವಾಕರನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನನ್ನನ್ನು ಕರೆದರು.

"ಒಳಗೆ ಓಡಾಡಕ್ಕೆ ಎಲ್ಲಾ ಮಾಡ್ಸಿದೀಯ ಕಣೋ. ನಾನು ಆಚೆ ಹೋಗೋದು ಹೆಂಗೆ?"

ನಾನು ಹೊಸ್ತಿಲ ವಿಷಯ ಹೇಳಿದೆ. ಅವರು ಬೇಸರಪಟ್ಟುಕೊಳ್ಳಬಾರದೆಂದೇ ಬಿಟ್ಟದ್ದು ಎಂದೆ. ಅವರು ಕನ್ನಡಕ ತೆಗೆದು, ತಾವು ಕೇಳದೆ ಇದ್ದುದರ ಕಾರಣ ಹೇಳಿದರು. ಹೊಸ್ತಿಲ ಮುಂದೆ ದಿನವೂ ರಂಗೋಲಿ ಇಡುವವಳು ಸುಧಾ. ಅದನ್ನು ತೆಗೆಸಿ ಎಂದರೆ ಅವಳಿಗೆ ಬೇಜಾರಾಗುತ್ತದೆಂದು ಅವರು ಆರು ತಿಂಗಳು ಬಾಯಿ ಬಿಟ್ಟಿರಲಿಲ್ಲ. ದಿನಾ ಕುರ್ಚಿಯಲ್ಲಿ ಎತ್ತಿ ದಾಟಿಸಿ ಎನ್ನಲೂ ಅವರಿಗೆ ಸಂಕೋಚ. ಕದದ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಸುಧಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೂರು ಜನ ಒಬ್ಬರಿಗೊಬ್ಬರು ದಾಕ್ಷಿಣ್ಯ ಮಾಡಿಕೊಂಡು ಒಂದು ಮರದ ತುಂಡನ್ನು ಕಾಪಾಡಿದ್ದೆವು. ನನಗೆ ನಾಚಿಕೆಯಾಯಿತು.

ಆದರೂ ನನ್ನ ಬುದ್ಧಿ ನೋಡಿ, ಪುರೋಹಿತರನ್ನು ಒಂದು ಮಾತು ಕೇಳೋಣವೇ ಎಂದೆ.

"ಐವತ್ತು ವರ್ಷ ಅರಿಶಿನ ಹಚ್ಚಿದೀನಿ. ಅದಕ್ಕೆ ನಾನೇ ಹೇಳ್ಕೋತೀನಿ. ನೀನು ಬಡಗೀನ ಕರಿ" ಎಂದರು ಪದ್ದತ್ತೆ.

ಮಂಗಳವಾರ ಬೆಳಿಗ್ಗೆ ಬಡಗಿ ಬಂದ. ಬಗ್ಗಲಾಗದ ಪದ್ದತ್ತೆ ಕುರ್ಚಿಯಲ್ಲಿ ಕೂತು ಹೇಳಿದಂತೆ ಸುಧಾ ಕೊನೆಯ ಸಲ ಅರಿಶಿನ ಕುಂಕುಮ ಹಚ್ಚಿದಳು. ಪದ್ದತ್ತೆ ಕೈಮುಗಿದು ಏನೋ ಹೇಳಿಕೊಂಡರು, ನಮಗೆ ಕೇಳಿಸಲಿಲ್ಲ. ಬಡಗಿ ಗರಗಸ ಇಡಲು ಹಿಂದೆಮುಂದೆ ನೋಡಿದಾಗ, ಪರವಾಗಿಲ್ಲ, ಕುಯ್ಯಪ್ಪ ಎಂದವರೂ ಅವರೇ.

ಅಂದು ನಾಲ್ಕೂವರೆಗೆ ಅವರು ತಲೆ ಬಾಚಿಕೊಂಡು, ವಾಕರ್ ತಳ್ಳಿಕೊಂಡು, ಇಳಿಜಾರಿನಲ್ಲಿ ಇಳಿದರು. ನಾನು ರಸ್ತೆಯ ಮಧ್ಯೆ ನಿಂತು ಟ್ರಾಫಿಕ್ ಪೊಲೀಸಿನವನ ಹಾಗೆ ಆಟೋಗಳನ್ನು ತಡೆದೆ. ಬುಧವಾರವೂ ಹೋದರು. ಗುರುವಾರ ಎದುರು ಮನೆಯ ಮುಂದೆ ಲಾರಿ ನಿಂತಿತ್ತು. ಎದುರು ಮನೆಗೆ ಹೋಗಲು ಅವರಿಗಿದ್ದ ಆರು ತಿಂಗಳಲ್ಲಿ ಸಿಕ್ಕಿದ್ದು ಎರಡು ಸಂಜೆ. ಅವರು ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಇನ್ನೂ ನಾಲ್ಕು ವರ್ಷ ಇದ್ದರು, ನಮ್ಮ ಕ್ರಾಸಿನ ಕೊನೆಯವರೆಗೂ ದಿನಾ ಹೋಗಿಬಂದರು. ಆ ಆರು ತಿಂಗಳು ಮಾತ್ರ ನನ್ನನ್ನು ಈಗಲೂ ಚುಚ್ಚುತ್ತದೆ.

ಡ್ರಿಲ್ ನಿಂತಿದೆ. ಮೇಧಾ ನೋಟ್‌ಬುಕ್ ಹಿಡಿದು ನನ್ನೆದುರು ಬಂದು ಕೂತಿದ್ದಾಳೆ. ಇನ್ನು ನೀನು ಟೆರೇಸಿಗೆ ಹೋಗುವುದು ಬೇಡ, ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿಸುತ್ತೇನೆ ಎಂದಳು. ಮತ್ತೆ ಬೇರೇನಾದರೂ ಬೇಕಾ ಎಂದು ಕೇಳಿದಳು. "ಏನೂ ಬೇಡಮ್ಮ, ನಿನ್ನಿಷ್ಟ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ನಂಗೆ ಬೆಳಿಗ್ಗೆ ಟೆರೇಸಿಗೆ ಹೋಗ್ಲೇಬೇಕು. ಬೀಗ ಬೇಡ, ಮೆಟ್ಟಿಲಿಗೆ ಎರಡೂ ಕಡೆ ಕಂಬಿ ಹಾಕ್ಸು" ಎಂದೆ.

ಅವಳು ಬರೆದದ್ದನ್ನು ಹೊಡೆದುಹಾಕಿದಳು. ನಾನು ಅಡುಗೆಮನೆಯ ಕಡೆ ತಿರುಗಿ, ನಿನಗೇನು ಬೇಕು ಎಂದು ಸುಧಾಳನ್ನು ಕೇಳಿದೆ. ಒಳಗಿನ ಪಾತ್ರೆಯ ಸದ್ದು ನಿಂತಿತು. ಈ ಮನೆಯಲ್ಲಿ ನಲವತ್ತು ವರ್ಷ ಬಾಳಿದವಳನ್ನು ಈ ಮನೆಯ ಬಗ್ಗೆ ನಾನು ಹೀಗೆ ಕೇಳಿದ್ದು ಇದೇ ಮೊದಲು ಎಂದು ಆಗ ಹೊಳೆಯಿತು. ಅವಳು ಸ್ಟವ್ ಆರಿಸಿ, ಕೈ ಒರೆಸಿಕೊಂಡು ಬಂದು, ಕುರ್ಚಿ ಎಳೆದುಕೊಂಡು ಮಗಳ ಪಕ್ಕ ಕೂತಳು.

"ಹೊಸ ಹಾಳೆ ತೆಗಿ" ಎಂದಳು. "ಬರ್ಕೋ."